ತಮ್ಮನ ಕಾರಿನ ಹೊಸ ಟೈರು

ನನ್ನ ತಮ್ಮ ಕಚೇರಿಯಲ್ಲಿ ಗುಮಾಸ್ತನಾಗಿದ್ದು ರಿಟೈರ್ ಆದ. ರಿಟೈರ್ ಆದವರು ಕಾಶಿಗೆ ಹೋಗುತ್ತಾರೆ, ಇಲ್ಲ ಸಕ್ಕರೆ ಕಾಯಿಲೆ ತಂದುಕೊಳ್ಳುತ್ತಾರೆ. ಇವನು ಯಾರೋ ಓಡಿಸಿ ಬಿಟ್ಟ ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು. ಹತ್ತುವಾಗ ಬಚ್ಚಲಲ್ಲಿ ಕೂತ ಹಾಗೆ ಕೂರಬೇಕು, ಇಳಿಯುವಾಗ ಯಾರಾದರೂ ರಟ್ಟೆ ಹಿಡಿದು ಎಳೆಯಬೇಕು. ನಮ್ಮದು ಕಣಕಟ್ಟೆ ಕಡೆ ಊರು. ಅಲ್ಲಿಯ ನಾಯಿಗಳು ಕೂಡ ಅದನ್ನು ತಲೆ ಬಗ್ಗಿಸಿ ನೋಡುತ್ತಿದ್ದವು.

ಗಂಡ ಸತ್ತ ಮೇಲೆ ನಾನು ಇರುವುದು ತಮ್ಮನ ಮನೆಯಲ್ಲೇ. ಹಾಗಾಗಿ ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಬೆಳಗ್ಗೆ ಎದ್ದರೆ ಕಾರು ಒರೆಸುವುದು, ಸಂಜೆ ಅದರಲ್ಲಿ ಬಾಣಾವರಕ್ಕೆ ಹೋಗಿ ಕಾಫಿ ಕುಡಿದು ಬರುವುದು. ಅದು ಬಿಟ್ಟರೆ ಅವನಿಗೆ ಬೇರೆ ಬದುಕೇ ಇರಲಿಲ್ಲ.

ಹೋದ ಮಳೆಗಾಲದಲ್ಲಿ ಹಳೇಬೀಡಿನ ಹತ್ತಿರ ಕಾರು ಜಾರಿ ಮೋರಿಗೆ ಉಜ್ಜಿತು. ಪಕ್ಕದಲ್ಲಿ ಕೂತಿದ್ದ ಹೆಂಡತಿ ಮನೆಗೆ ಬಂದವಳೇ ಶುರು ಮಾಡಿದಳು.

"ನಿಮ್ಮ ಕಾಲು ಬ್ರೇಕ್ ಹುಡುಕೋ ಅಷ್ಟರಲ್ಲಿ ಹೊತ್ತು ಮುಳುಗುತ್ತೆ. ಮಾರಿಬಿಡಿ ಅದನ್ನ."

"ಕಾಲಲ್ಲ ಕಣೇ, ಟೈರು. ಹಳೇ ಟೈರು."

"ಇಬ್ಬರಿಗೂ ವಯಸ್ಸಾಗೈತೆ ಬಿಡಿ."

ಎರಡು ದಿನ ಊಟಕ್ಕೆ ಕೂತಾಗೆಲ್ಲ ಇದೇ ಮಾತು. ಕೊನೆಗೆ ಅವನು ಒಂದು ಮಾತು ಕೊಟ್ಟ. ಹೊಸ ಟೈರು ಹಾಕಿಸುತ್ತೇನೆ, ನಿನ್ನನ್ನು ಕೂರಿಸಿಕೊಂಡು ಬೇಲೂರಿಗೆ ಹೋಗಿ ಬರುತ್ತೇನೆ, ದಾರಿಯಲ್ಲಿ ಇನ್ನೊಂದು ಸಲ ಜಾರಿದರೆ ಅವತ್ತೇ ಮಾರುತ್ತೇನೆ. ಅವಳು ಒಪ್ಪಿದಳು.

ಟೈರು ಹಾಕಿಸಿದ್ದು ಅರಸೀಕೆರೆಯಲ್ಲಿ. ಅವತ್ತೇ ನನಗೂ ಅಲ್ಲಿ ಹಲ್ಲು ಕೀಳಿಸುವುದಿತ್ತು, ಜೊತೆಗೆ ಹೋಗಿದ್ದೆ. ನಾನು ಬಾಯಲ್ಲಿ ಹತ್ತಿ ಕಚ್ಚಿಕೊಂಡು ಬಂದಾಗ ಟೈರಿನವನು ನಾಲ್ಕನೇ ಚಕ್ರ ಬಿಗಿಯುತ್ತಿದ್ದ. ಉಗುರಿನಿಂದ ಒತ್ತಿ ನೋಡಿದೆ. ಲಾರಿ ಟೈರಿನ ಹಾಗೆ ಕಲ್ಲಲ್ಲ, ಮೆತ್ತಗಿತ್ತು, ಆರಿದ ಹಲಸಿನ ಮೇಣದ ಹಾಗೆ.

"ಉಡದ ಪಟ್ಟು ಹಾಕುತ್ತೆ ಕಣಕ್ಕ ಇದು," ಅಂದ ತಮ್ಮ.

ಊರಿಗೆ ಬರುವಾಗ ಅದು ಸುಳ್ಳಲ್ಲ ಅಂತ ಗೊತ್ತಾಯಿತು. ತಿರುವಿನಲ್ಲಿ ನನ್ನ ಹೊಟ್ಟೆ ಒಂದು ಕಡೆ ಹೋಯಿತೇ ಹೊರತು ಕಾರು ಅಲುಗಲಿಲ್ಲ. ರಸ್ತೆಯ ಮೇಲಿನ ಸಣ್ಣ ಕಲ್ಲನ್ನೆಲ್ಲ ಎತ್ತಿಕೊಂಡು ಕೆಳಗೆ ಟಿಕ್ ಟಿಕ್ ಅಂತ ಹೊಡೆಯುತ್ತಿತ್ತು. ಕುರಿ ಅಡ್ಡ ಬಂದಾಗ ಬ್ರೇಕ್ ಒತ್ತಿದ ನೋಡಿ, ಯಾರೋ ಹಿಂದಿನಿಂದ ಜುಟ್ಟು ಹಿಡಿದು ನಿಲ್ಲಿಸಿದ ಹಾಗೆ ನಿಂತಿತು. ಕಾಲು ಸರಿಯಾಗಿಯೇ ಇತ್ತು ಅವನದು. ಟೈರೂ ಸರಿ ಇತ್ತು. ನಾನು ನೋಡಿದ್ದು ಅಷ್ಟೂ ನಿಜ.

ಮಾರನೆಯ ದಿನ ಬೆಳಗ್ಗೆ ಬೇಲೂರಿಗೆ ಹೊರಡುವ ಮುಂಚೆ ಪೂಜೆ ಆಗಬೇಕಿತ್ತು. ಅವನು ಸ್ನಾನಕ್ಕೆ ಹೋಗಿದ್ದ, ಅವಳು ಸೀರೆ ಉಡುತ್ತಿದ್ದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆ, ಕುಂಕುಮ ಹಚ್ಚಿದೆ. ಆಮೇಲೆ ಮನೆಯ ಕೊಬ್ಬರಿ ಎಣ್ಣೆ ತಂದೆ. ನಮ್ಮ ಅಪ್ಪ ಎತ್ತಿನ ಗಾಡಿಗೆ ಹೊಸ ಚಕ್ರ ಹಾಕಿಸಿದಾಗ ಎಣ್ಣೆ ಕಾಣಿಸದೆ ಹೊರಡುತ್ತಿರಲಿಲ್ಲ. ಬಟ್ಟೆ ಅದ್ದಿ ನಾಲ್ಕೂ ಟೈರಿಗೆ ತಿಕ್ಕಿದೆ. ನೆಲ ಮುಟ್ಟುವ ಕಡೆಗೇ ಜಾಸ್ತಿ ಹಚ್ಚಿದೆ, ಸವೆಯುವುದು ಅದೇ ಅಲ್ಲವಾ ಅಂತ. ಕೈಗೆ ಸಿಕ್ಕಷ್ಟು ಸಂದಿಗೂ ಬಿಟ್ಟೆ. ಕರಿ ಎಮ್ಮೆಯ ಹಾಗೆ ಹೊಳೆಯಿತು.

ಕಾಯಿ ಒಡೆದರು, ಹೊರಟರು. ನಮ್ಮ ಬೀದಿ ಇಳಿಜಾರು, ಕೆಳಗೆ ತಿರುವಿನಲ್ಲಿ ಅರಳಿ ಕಟ್ಟೆ. ತಿರುವಿಗೆ ಅವನು ಬ್ರೇಕ್ ಒತ್ತಿದ. ಕಾರು ಕೇಳಲಿಲ್ಲ. ಪಾಚಿಯ ಮೇಲೆ ಕಾಲಿಟ್ಟವರ ಹಾಗೆ ಅಡ್ಡಡ್ಡ ಜಾರಿಕೊಂಡು ಹೋಗಿ ಕಟ್ಟೆಗೆ ಬಡಿಯಿತು. ದೀಪ ಪುಡಿಯಾಯಿತು, ಅವಳ ಹಣೆಯಲ್ಲಿ ಬುಗುಟೆ ಎದ್ದಿತು.

ಕಟ್ಟೆಯ ಮೇಲೆ ಕೂತಿದ್ದ ಗಂಡಸರು ಮೊದಲು ಹಾರಿದರು, ಆಮೇಲೆ ನಕ್ಕರು. "ಏನಣ್ಣ, ಕಟ್ಟೆ ಮೇಲೆ ಕೂರಕ್ಕೆ ಕಾರಲ್ಲೇ ಬಂದ್ಯಾ?"

ನಾನು ಓಡಿ ಹೋದೆ. ಟೈರಿಗೆ ಮಣ್ಣು ಮೆತ್ತಿಕೊಂಡು ಜಿಡ್ಡುಜಿಡ್ಡಾಗಿತ್ತು. ನೋಡಿದ ತಕ್ಷಣ ಅರ್ಥವಾಯಿತು. ಅವನು ಟೈರು ನೋಡಲಿಲ್ಲ. ಬಾಗಿಲು ತೆಗೆದು ತನ್ನ ಬಲಗಾಲನ್ನೇ ನೋಡುತ್ತಿದ್ದ.

"ಒತ್ತಿದೆ ಕಣಕ್ಕ. ಒತ್ತಿದೆ ಅಂತ್ಲೇ ನಂಗೆ ಅನ್ನಿಸ್ತು. ಒತ್ತಲಿಲ್ವಾ?"

ಹೇಳಬಹುದಿತ್ತು. ಒಂದು ಮಾತು. ಆದರೆ ನನ್ನ ತಮ್ಮ ಎಂಥವನು ಅಂತ ನನಗೆ ಗೊತ್ತು. ನಾನು ಹೊಸ ಮದುವಣಗಿತ್ತಿಯಾಗಿದ್ದಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ಮೈಸೂರಿನ ರೈಲು ಅಂದುಕೊಂಡು ಬೇರೆ ರೈಲು ಹತ್ತಿ ಬೀರೂರಿನಲ್ಲಿ ಇಳಿದು ಅತ್ತಿದ್ದೆ. ಅದನ್ನು ಅವನು ಐವತ್ತು ವರ್ಷದಿಂದ ಮದುವೆ, ತಿಥಿ, ನಾಮಕರಣ ಒಂದೂ ಬಿಡದೆ ಹೇಳಿದ್ದಾನೆ. ನನ್ನ ಅಳು ಸಮೇತ ಮಾಡಿ ತೋರಿಸುತ್ತಾನೆ. ಎಲೆ ಮುಂದೆ ಕೂತವರು ಅನ್ನ ಬಿಟ್ಟು ನಗುತ್ತಾರೆ. ಟೈರಿಗೆ ಎಣ್ಣೆ ಹಚ್ಚಿದ ಕಥೆ ಅವನ ಕೈಗೆ ಸಿಕ್ಕಿದ್ದರೆ ನಾನು ಸತ್ತ ಹನ್ನೊಂದನೇ ದಿನವೂ ಹೇಳುತ್ತಿದ್ದ.

"ನೀನು ಬ್ರೇಕಿಗೆ ಕಾಲಿಟ್ಟಿದ್ದೇ ಕಾಣಲಿಲ್ಲ ಕಣೋ," ಅಂದೆ. ನಾನು ನೋಡಿದ್ದು ಮನೆ ಬಾಗಿಲಿನಿಂದ, ಕಾರಿನ ಹಿಂಭಾಗ ಮಾತ್ರ. ಅದನ್ನು ಯಾರೂ ಕೇಳಲಿಲ್ಲ.

ಕಾರನ್ನು ತಳ್ಳಿಕೊಂಡು ಬಂದು ಮನೆ ಮುಂದೆ ನಿಲ್ಲಿಸಿದರು. ಅವನು ಒಳಗೆ ಹೋಗಿ ಮಲಗಿದ. ನಾನು ಸೀಗೆಪುಡಿ, ಬಿಸಿನೀರು ತಂದು ನಾಲ್ಕೂ ಟೈರು ಉಜ್ಜಿ ತೊಳೆದೆ. ತಮ್ಮನ ಹೆಂಡತಿ ಹಣೆಗೆ ಅರಿಶಿನ ಮೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ಹೋಗೋ ಕಾರನ್ನೂ ತೊಳೀತಾ ಇದೀರಲ್ಲ ಅತ್ತಿಗೆ, ನಿಮ್ಮಂಥವರು ಯಾರಿದ್ದಾರೆ," ಅಂದಳು. ಇನ್ನೊಂದು ಚೊಂಬು ನೀರು ಕೊಡು ಅಂದೆ.

ಹಾಸನದ ಡಾಕ್ಟರಿಗೆ ಕಾಲು ತೋರಿಸಿದರು. ಏನೂ ಇಲ್ಲ ಅಂದರು. ಏನೂ ಇಲ್ಲ ಅಂದಿದ್ದಕ್ಕೇ ಇನ್ನೂ ಹೆದರಿದ. ಕೂತಲ್ಲೇ ಹೆಬ್ಬೆರಳು ಅಲ್ಲಾಡಿಸಿ ನೋಡಿಕೊಳ್ಳುವನು. ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವನು. ಮೂರು ವಾರಕ್ಕೆ ನಿಜವಾಗಿಯೂ ಕುಂಟತೊಡಗಿದ.

ಒಡೆದ ದೀಪ ಸರಿ ಮಾಡಿಸಿದ ಮೇಲೆ ಕಾರು ಕೊಳ್ಳಲು ಬೇಲೂರಿನಿಂದ ಒಬ್ಬ ಬಂದ. ನಮ್ಮ ಬೀದಿಯ ಇಳಿಜಾರಿನಲ್ಲೇ ಕಾರು ಓಡಿಸಿಕೊಂಡು ಹೋಗಿ, ಅರಳಿ ಕಟ್ಟೆಯ ತಿರುವು ಜೋರಾಗಿ ತಿರುಗಿಸಿ, ವಾಪಸು ಬಂದು ನಿಲ್ಲಿಸಿದ.

"ಟೈರ್ ಸೂಪರ್ ಆಗವೆ ಸರ್. ಏನ್ ಹಿಡಿತ! ಒಂದು ಇಂಚು ಜಾರಲಿಲ್ಲ. ಯಾಕೆ ಮಾರ್ತಿದೀರಾ?"

ತಮ್ಮ ಜಗುಲಿಯ ಮೇಲೆ ಕೂತಿದ್ದ. ನನ್ನ ಕಡೆ ತಿರುಗಿದ. "ಕೇಳಿದ್ಯಾ ಅಕ್ಕ? ಟೈರಿಂದು ಏನೂ ತಪ್ಪಿಲ್ಲ."

"ಇಲ್ಲ ಕಣೋ," ಅಂದೆ. "ಬೀಗದ ಕೈ ಕೊಟ್ಟು ಕಳಿಸು, ಪಾಪ ಅವರು ದೂರ ಹೋಗಬೇಕು."