ಔಟ್‌ಹೌಸಿನ ಮೇಷ್ಟ್ರ ದೊಡ್ಡ ಸಂಖ್ಯೆ

ಮೊನ್ನೆ ಮೊಮ್ಮಗಳು ಇಂಕ್ ಬಾಟಲಿ ಉರುಳಿಸಿದಳು. ನೆಲ ಒರೆಸಲು ಬಗ್ಗಿದರೆ ಆ ವಾಸನೆ ಮೂಗಿಗೆ ಬಡಿಯಿತು. ಎಪ್ಪತ್ತರ ದಶಕದ ನಮ್ಮ ಸಂಜಯನಗರದ ಮನೆ, ಹಿಂದಿನ ಔಟ್‌ಹೌಸು, ಅಲ್ಲಿ ಬಾಡಿಗೆಗಿದ್ದ ಲೆಕ್ಕದ ಮೇಷ್ಟ್ರು... ಎಲ್ಲ ನೆನಪಾಗಿ ಮೈ ಉರಿಯಿತು. ಇಷ್ಟು ವರ್ಷವಾದರೂ ಆ ಸಿಟ್ಟು ಇಳಿದಿಲ್ಲ.

ಮೇಷ್ಟ್ರು ಹೆಬ್ಬಾಳದ ಶಾಲೆಯಿಂದ ಸೈಕಲ್ಲಿನಲ್ಲಿ ಬಂದವರೇ ಒಂದು ಸಂಖ್ಯೆ ಹಿಡಿದು ಕೂರುತ್ತಿದ್ದರು: 2147483647. ಮೂವತ್ತೊಂದು ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವುದು. ಅದು ಅವಿಭಾಜ್ಯ, ಒಂದನ್ನೂ ತನ್ನನ್ನೂ ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದು ಎಂದು ಪುಸ್ತಕದಲ್ಲಿತ್ತು. “ಪುಸ್ತಕ ಹೇಳ್ತು ಅಂತ ನಂಬಿಬಿಡೋದೇನಮ್ಮ? ಕೈಯಾರೆ ಭಾಗಿಸಿ ನೋಡ್ಬೇಕು” ಅನ್ನುತ್ತಿದ್ದರು. ಅದರ ವರ್ಗಮೂಲದವರೆಗೆ, ಅಂದರೆ ನಲವತ್ತಾರು ಸಾವಿರ ದಾಟುವವರೆಗೆ ನೋಡಬೇಕಿತ್ತು. ಆದರೆ ಒಂದು ಸೊಗಸಿತ್ತು. ಅದನ್ನು ಭಾಗಿಸುವ ಸಂಖ್ಯೆ ಇದ್ದದ್ದೇ ಆದರೆ, ಅದು ಅರವತ್ತೆರಡರಿಂದ ಭಾಗಿಸಿದಾಗ ಒಂದು ಉಳಿಯುವಂಥದ್ದೇ ಆಗಿರಬೇಕು. ಮಿಕ್ಕವನ್ನು ಮುಟ್ಟಬೇಕಿಲ್ಲ. ಪಿಯುಸಿ ಓದುತ್ತಿದ್ದ ನಾನು ಅವರ ಒಂದೊಂದು ಭಾಗಾಕಾರವನ್ನೂ ಬೇರೆ ಹಾಳೆಯಲ್ಲಿ ಮಾಡಿ ತಾಳೆ ನೋಡುತ್ತಿದ್ದೆ.

ತಾಳೆಯಾದ ಹಾಳೆಗಳು ಕಸದ ತೊಟ್ಟಿಗೆ ಹೋಗುತ್ತಿದ್ದವು. ಆಗ ಬೀದಿಬೀದಿಯಲ್ಲೂ ಓಸಿ, ಅದೇ ಮಟ್ಕಾ ಜೂಜಿನ ಹುಚ್ಚು. ಹಾಳೆ ತುಂಬ ಅಂಕಿ ಕಂಡವರು ಇನ್ನೇನು ತಿಳಿದಾರು? ಇಬ್ಬರಂತೂ “ಸಾರ್, ನಾಳೆ ಯಾವ್ ನಂಬರ್ ಬರುತ್ತೆ ಹೇಳಿ” ಎಂದು ಮೇಷ್ಟ್ರ ಬಾಗಿಲಲ್ಲಿ ಗೋಗರೆದರು. ಮೇಷ್ಟ್ರು ನಕ್ಕು ಕಳಿಸಿದರು. ಪಕ್ಕದ ಮನೆಯವರು ನಗಲಿಲ್ಲ. ತೊಟ್ಟಿಯಿಂದ ಒಂದು ಹಾಳೆ ಹೆಕ್ಕಿ ತಂದು ಅಪ್ಪನ ಕೈಗಿಟ್ಟರು.

“ನಿಮ್ಮನೇಲೇ ಓಸಿ ಬರೀತಾರೆ ಕಣ್ರೀ. ವಯಸ್ಸಿಗೆ ಬಂದ ಮಗಳಿದ್ದಾಳೆ, ನೋಡ್ಕೊಳ್ಳಿ.”

ಅಪ್ಪ ನೇರ ಔಟ್‌ಹೌಸಿಗೆ ಹೋಗಿ ಹಾಳೆಯನ್ನು ಮೇಷ್ಟ್ರ ಮುಖಕ್ಕೆ ಹಿಡಿದರು. “ಇದು ನೀವ್ ಬರೆದಿದ್ದೇನ್ರೀ?”

ನಾನು ಅಪ್ಪನ ಹಿಂದೆಯೇ ನಿಂತಿದ್ದೆ. ಆ ಹಾಳೆಯ ಅಂಕಿಗಳು ನನ್ನವು. ಸ್ವಂತ ಮಗಳ ಕೈಬರಹದ ಗುರುತು ಸಿಗದ ಮನುಷ್ಯ, ರೋಷಕ್ಕೆ ಮಾತ್ರ ಏನೂ ಕಮ್ಮಿಯಿರಲಿಲ್ಲ. ಮೇಷ್ಟ್ರು ಹಾಳೆ ನೋಡಿದರು, ನನ್ನನ್ನೂ ನೋಡಿದರು.

“ಹೌದು, ನಾನೇ. ಓಸಿ ಅಲ್ಲ ಸ್ವಾಮಿ, ಲೆಕ್ಕ” ಎಂದರು.

ನಾನು ಒಂದು ಮಾತು ಆಡಿದ್ದರೆ ಸಾಕಿತ್ತು... ಅಪ್ಪನ ಬೆನ್ನ ಹಿಂದಿನಿಂದ ಈಚೆ ಬರಲಿಲ್ಲ. ಸಂಜೆಯೊಳಗೆ ಔಟ್‌ಹೌಸು ಖಾಲಿಯಾಯಿತು. ಸುದ್ದಿ ಶಾಲೆಗೂ ಮುಟ್ಟಿ ಕೆಲಸವೂ ಹೋಯಿತಂತೆ.

ಆಮೇಲೆ ನಾನೂ ಲೆಕ್ಕದ ಟೀಚರಾದೆ. ಅಪ್ಪನನ್ನು, ಪಕ್ಕದ ಮನೆಯವರನ್ನು ಬೈದುಕೊಂಡೇ ಇಷ್ಟು ವರ್ಷ ಕಳೆದೆ. ಅವರಿಗಾದರೂ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಮೇಷ್ಟ್ರು ಈಗ ಇದ್ದಾರೋ ಇಲ್ಲವೋ... ಹುಡುಕಿಕೊಂಡು ಹೋಗಲು ನನಗೆ ಮುಖವಿರಲಿಲ್ಲ.