ಹಳೇ ಸೇತುವೆ ದಾಟಿಸಿದ ಆಯಮ್ಮ

ಕಳೆದ ತಿಂಗಳು ಆಸ್ಪತ್ರೆಯೊಂದರಲ್ಲಿ ಯಾರೋ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಶಾಲೆಯ ಆಯಮ್ಮ ನೆನಪಾದಳು. ಅವಳ ಸೆರಗಿಗೆ ಸದಾ ಅದೇ ವಾಸನೆ, ಜೊತೆಗೊಂದಿಷ್ಟು ಎಲೆಅಡಿಕೆಯದು...

ಎಪ್ಪತ್ತರ ದಶಕದ ಮಾತು. ಹಿರಿಯೂರಿನಲ್ಲಿ ವೇದಾವತಿಗೆ ಹೊಸ ಸೇತುವೆಯಾಗಿ ಲಾರಿ, ಬಸ್ಸುಗಳೆಲ್ಲ ಅದರ ಮೇಲೆ ಓಡಾಡುತ್ತಿದ್ದವು. ಹಳೇ ಸೇತುವೆಯ ಎರಡೂ ತುದಿಗೆ ಕಲ್ಲುಕಂಬ ನೆಟ್ಟು, ನಡೆಯುವವರಿಗೆ ಮಾತ್ರ ಬಿಟ್ಟಿದ್ದರು. ಹೊಳೆಯಾಚೆಯ ಶಾಲೆಗೆ ನಾವು ಹನ್ನೊಂದು ಹುಡುಗಿಯರು ಅದರ ಮೇಲೇ ಹೋಗಿಬರುತ್ತಿದ್ದೆವು. ಕರೆದೊಯ್ದು ಕರೆತರುವುದು ಆಯಮ್ಮನ ಕೆಲಸ. ಬಾಗೂರಿನವಳು, ಗಂಡ ಇರಲಿಲ್ಲ. ಯಾರನ್ನೂ ಗದರಿದವಳಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ, ಹೊಳೆ ಏರುತ್ತಿದೆಯೆಂದು ಶಾಲೆ ಬೇಗ ಬಿಟ್ಟರು. ಹೊಸ ಸೇತುವೆಯ ರಸ್ತೆಗೆ ಆಗಲೇ ನೀರು ನುಗ್ಗಿತ್ತು. ಹಳೇದು ಎತ್ತರದಲ್ಲಿತ್ತು. ಆದರೆ ನಡುವೆ ಒಂದು ಕಡೆ ತಡೆಗೋಡೆ ಕುಸಿದು, ಅಲ್ಲಿ ಬರೀ ಬಿದಿರು ಕಟ್ಟಿದ್ದರು. ಕೆಂಪು ನೀರು ಕಮಾನುಗಳ ಅಂಚಿಗೆ ಬಂದಿತ್ತು. ಮರದ ಬೊಡ್ಡೆಯೊಂದು ಕೆಳಗೆ ಗುದ್ದಿದರೆ ಅಂಗಾಲಿಗೆ ತಿಳಿಯುತ್ತಿತ್ತು.

“ಮುಂದಿನವಳ ಜಡೆ ನೋಡ್ಕಂಡು ನಡೀರಿ. ನೀರಿನ ಕಡೆ ನೋಡ್‌ಬ್ಯಾಡ್ರಿ,” ಎಂದಳು ಆಯಮ್ಮ.

ನಾನು ಕೊನೆಯವಳು. ಬಿದಿರಿನ ಹತ್ತಿರ ಬಂದಾಗ ನೋಡಿಬಿಟ್ಟೆ. ನೀರು ನಿಂತು ಸೇತುವೆಯೇ ಓಡುತ್ತಿರುವಂತೆ ಕಂಡಿತು. ಅಲ್ಲೇ ಕುಸಿದು ಬಿದಿರನ್ನು ತಬ್ಬಿಕೊಂಡೆ. ಬಾಯಿ ತೆರೆದರೂ ಸದ್ದು ಹೊರಡಲಿಲ್ಲ. ಉಳಿದವರು ದೂರ ಹೋಗುತ್ತಿದ್ದರು...

ಅವರನ್ನು ದಡ ಮುಟ್ಟಿಸಿ ಆಯಮ್ಮ ಒಬ್ಬಳೇ ವಾಪಸು ಓಡಿಬಂದಳು. “ಬಿಡವ್ವ, ಹೋಗಾಣ,” ಎಂದಳು. ನಾನು ಬಿಡಲಿಲ್ಲ. ಬೆರಳು ಬಿಡಿಸಲು ನೋಡಿದಳು, ಬಿದಿರೇ ಅಲುಗಾಡತೊಡಗಿತು. ಆಗ ಕೆನ್ನೆಗೆ ಬಲವಾಗಿ ಹೊಡೆದಳು. ಉರಿಗೆ ನನ್ನ ಕೈ ಕೆನ್ನೆಗೆ ಹೋಯಿತು. ಅಷ್ಟರಲ್ಲಿ ಎತ್ತಿ ಸೊಂಟಕ್ಕೆ ಒತ್ತಿಕೊಂಡು ನಡೆದಳು. ಅವಳ ಎದೆ ಹೊಡೆದುಕೊಳ್ಳುವುದು ನನಗೆ ಕೇಳುತ್ತಿತ್ತು. ದಡ ಸೇರಿದ ಸ್ವಲ್ಪ ಹೊತ್ತಿಗೆ ಆ ಬಿದಿರು, ಅದರ ಬುಡದ ಕಲ್ಲು ಎಲ್ಲ ಹೊಳೆಗೆ ಬಿದ್ದವು.

ಮನೆಯಲ್ಲಿ ಕೆನ್ನೆಯ ಮೇಲಿನ ಬೆರಳ ಗುರುತು ನೋಡಿ ಅಪ್ಪ ಕೇಳಿದರು. “ಆಯಮ್ಮ ಹೊಡೆದ್ಲು,” ಎಂದೆ. ಅಷ್ಟೇ ಹೇಳಿದೆ. ನೀರು ನೋಡಿ ಕುಳಿತುಬಿಟ್ಟದ್ದು ಹೇಳಿದರೆ ನನಗೇ ಏಟು ಬೀಳುತ್ತದೆಂಬ ಭಯ. ದಡದಲ್ಲಿದ್ದ ಹುಡುಗಿಯರಿಗೂ ಕಂಡದ್ದು ಅವಳು ಹೊಡೆದದ್ದೇ. ದಾರಿ ತೆರೆದ ದಿನವೇ ಅಪ್ಪ ಶಾಲೆಗೆ ಹೋದರು. ಆ ವಾರವೇ ಆಯಮ್ಮನನ್ನು ಕೆಲಸದಿಂದ ಬಿಡಿಸಿದರು. ಅವಳು ಏನೂ ಹೇಳಿಕೊಳ್ಳಲಿಲ್ಲವಂತೆ. ಈಗ ನಿಜ ಹೇಳಿದರೆ ಏನಾಗುವುದೋ ಎಂದು ನಾನೂ ಬಾಯಿ ಬಿಡಲಿಲ್ಲ. ಹೊಳೆ ನಾಲ್ಕು ದಿನಕ್ಕೆ ಇಳಿಯಿತು. ಆ ಭಯ ವರ್ಷಗಟ್ಟಲೆ ಇಳಿಯಲಿಲ್ಲ.

ಕಳೆದ ವಾರ ಬಾಗೂರಿಗೆ ಹುಡುಕಿಕೊಂಡು ಹೋದೆ. ಆಯಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳ ತಂಗಿ, ಹಣ್ಣು ಮುದುಕಿ, ಜಗಲಿಯ ಮೇಲೆ ಕೂರಿಸಿ ನೀರು ಕೊಟ್ಟಳು. ನಾನು ಯಾರು, ಏನು ಮಾಡಿದೆ, ಎಲ್ಲ ಹೇಳಿದೆ. ಆಕೆ ಖಾಲಿ ಲೋಟ ತೆಗೆದು ಪಕ್ಕಕ್ಕಿಟ್ಟಳು.

“ಯಾಕೆ ಕೆಲ್ಸ ಹೋತು ಅಂತ ಕೇಳಿದ್ರೆ, ಒಂದು ಮಗೀಗೆ ಹೊಡ್ದೆ, ತಪ್ಪು ನಂದೇ ಅಂತಿದ್ಲು ಕಣವ್ವ. ಸಾಯೋ ತನ್ಕ ಅಷ್ಟೇ ಹೇಳಿದ್ದು. ಈ ಹೊಳೆ ವಿಚಾರ ನಿನ್ ಬಾಯಾಗೇ ಕೇಳ್ತಿರೋದು.”

ನಾನು ತಲೆ ಎತ್ತಲಿಲ್ಲ. ಇಷ್ಟು ವರ್ಷ ಅಂಜಿ ಮುಚ್ಚಿಟ್ಟ ಮಾತನ್ನು ಕೊನೆಗೂ ಆಡಿದ್ದೆ. ಕೇಳಬೇಕಾದವಳು ಇರಲಿಲ್ಲ.