ಮೂವತ್ತು ವರ್ಷ ಹೊರಗೇ ಇದ್ದ ಕುದುರೆ

ಬೆಳಗಿನ ಆರೂವರೆ. ಹಾಲಿನವಳ ಕೂಗು ಕ್ಲರ್ಕನ್‌ವೆಲ್‌ನ ಈ ಓಣಿ ದಾಟಿ ಹೋಗಿ ಹತ್ತು ನಿಮಿಷವಾಗಿದೆ. ಮೂರನೆಯ ಅಂತಸ್ತಿನ ಕಿಟಕಿಯ ಪಕ್ಕ, ಹೆಂಡತಿಯ ಶಾಲು ಹೊದ್ದು ಕುಳಿತ ಈನಾಕ್ ಟ್ರಾಂಟರ್ ಚದುರಂಗದ ಮಣೆಯ ಮೇಲೆ ಒಂದೊಂದೇ ಕಾಯಿ ಇಡುತ್ತಿದ್ದಾರೆ. ವಯಸ್ಸು ಅರವತ್ಮೂರು. ಕಾಯಿಯನ್ನು ಕಣ್ಣಿಗಿಂತ ಮೊದಲು ಬೆರಳೇ ಗುರುತಿಸುತ್ತದೆ. ಬಿಳಿಯ ಕಾಯಿಗಳಲ್ಲಿ ಕುದುರೆ ಒಂದೇ ಇದೆ. ಇನ್ನೊಂದರ ಜಾಗಕ್ಕೆ, ಹೊಲಿಯುವಾಗ ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿಯೊಂದನ್ನು ಬೋರಲು ಹಾಕುತ್ತಾರೆ.

"ಅದು ನಂದು," ಎನ್ನುತ್ತಾರೆ ಹೆಂಡತಿ ಕೆಜಾಯಾ, ಒಲೆಯ ಮುಂದಿನಿಂದಲೇ. "ಇವರ ಕುದುರೆ ಊರು ಬಿಟ್ಟು ಹೋಯ್ತು, ನನ್ನ ಬೆರಳು ಜರಡಿ ಆಯ್ತು, ನೋಡಿ."

"ಬೇರೆ ಒಂದು ತಗೋಬಹುದಿತ್ತಲ್ಲಮ್ಮ?" ಎನ್ನುತ್ತೇನೆ ನಾನು.

"ತಗೊಂಡೆ. ಅದು ಸಡಿಲ. ಮೂವತ್ತು ವರ್ಷ ಹಾಕ್ಕೊಂಡಿದ್ದು ಬೆರಳಿಗೆ ಕೂತ ಹಾಗೆ ಹೊಸದು ಕೂರುತ್ತಾ?"

ಟ್ರಾಂಟರ್ ಮಣೆಯನ್ನು ಐದು ನಿಮಿಷ ನೋಡುತ್ತಾರೆ. ಆಮೇಲೆ ಕಾಯಿಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ, ಟೋಪಿಯನ್ನು ಜೇಬಿಗೆ ಹಾಕಿಕೊಂಡು ದಿನದ ಕೆಲಸಕ್ಕೆ ಇಳಿಯುತ್ತಾರೆ.

ಕೆಲಸ ಅಂದರೆ ಮೊದಲು ಅಂಚೆ. ಒಂದು ವಾರಪತ್ರಿಕೆಯಲ್ಲಿ ಅವರು ಚದುರಂಗದ ಸಮಸ್ಯೆ ಕೊಡುತ್ತಾರೆ. ಬಿಡಿಸಿದವರು ಕಾರ್ಡು ಬರೆಯುತ್ತಾರೆ. ಇವತ್ತು ಮೂವತ್ತೆಂಟು ಕಾರ್ಡು. ತಪ್ಪು ಉತ್ತರ ಕಳಿಸಿದವರಿಗೂ ಎಲ್ಲಿ ಎಡವಿದರೆಂದು ಎರಡು ಸಾಲು ಬರೆಯುತ್ತಾರೆ. "ಪಾಪ, ಒಂದು ವಾರ ತಲೆ ಕೆಡಿಸ್ಕೊಂಡಿರ್ತಾರೆ. ತಪ್ಪು ಅಂತ ಬರೆದು ಕೈ ತೊಳ್ಕೊಂಡ್ರೆ ಹೇಗೆ?" ಎನ್ನುತ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಹೋಬರ್ನ್ ಹತ್ತಿರದ ಮಿಂಚಿನ್ ಕಾಫಿ ಅಂಗಡಿಯ ಮಹಡಿ. ಆ ಕೋಣೆಯ ಮೇಷ್ಟ್ರು ಇವರು. ಬಂದ ಗಿರಾಕಿಯ ಜೊತೆ, ಆಟಕ್ಕೊಂದು ಶಿಲ್ಲಿಂಗಿನಂತೆ, ಅಂಗಡಿ ಮುಚ್ಚುವ ತನಕ ಆಡಬೇಕು. ದಿನಕ್ಕೆ ಹನ್ನೆರಡರಿಂದ ಹದಿನಾಲ್ಕು ಆಟ.

ಸಮಕ್ಕೆ ಸಮ ಆಡಿದರೆ ಯಾರೂ ಎರಡನೆಯ ಸಲ ಬರುವುದಿಲ್ಲ. ಹಾಗಾಗಿ ಮೇಷ್ಟ್ರು ತಮ್ಮ ಒಂದೋ ಎರಡೋ ಕಾಯಿಯನ್ನು ಮೊದಲೇ ತೆಗೆದಿಟ್ಟು ಆಡುವುದು ಪದ್ಧತಿ; ಇದನ್ನೇ ಕಾಯಿ ಕೊಡುವುದು ಅನ್ನುತ್ತಾರೆ. ಸುಮಾರಾಗಿ ಆಡುವವರಿಗೆ ಕುದುರೆ ಕೊಡುತ್ತಾರೆ. ಕುದುರೆ ಕೊಟ್ಟರೂ ಉಳಿಯದವರಿಗೆ ಅದರ ಜೊತೆಗೆ ಆನೆ. ನನಗೆ ಹನ್ನೊಂದು ವರ್ಷದಿಂದ ಎರಡನ್ನೂ ಕೊಡುತ್ತಿದ್ದಾರೆ, ನಗಬೇಡಿ. ಯಾರಿಗೆ ಏನು ಎಂಬುದು ಗೋಡೆಯ ಫಲಕದಲ್ಲಿ ಹೆಸರಿನ ಮುಂದೆ ಬರೆದಿರುತ್ತದೆ. ಮೂರು ಆಟ ಸಾಲಾಗಿ ಗೆದ್ದವನಿಗೆ ಕುದುರೆ ಕೊಡುವುದು ನಿಲ್ಲುತ್ತದೆ. ಅವನು ಮೇಷ್ಟ್ರ ಸಮ. ಅದಕ್ಕಿಂತ ದೊಡ್ಡ ಮರ್ಯಾದೆ ಆ ಮಹಡಿಯಲ್ಲಿ ಇಲ್ಲ, ಅದು ಇಲ್ಲಿಯವರೆಗೆ ಯಾರಿಗೂ ಸಿಕ್ಕಿಲ್ಲ.

ಹೀಗೆ ಟ್ರಾಂಟರ್ ಪೆಟ್ಟಿಗೆಯ ಒಂದು ಬಿಳಿ ಕುದುರೆ, ರಾಣಿಯ ಕಡೆಯದ್ದು, ಮೂವತ್ತು ವರ್ಷ ಮಣೆಗೆ ಇಳಿಯಲೇ ಇಲ್ಲ. ಉಳಿದ ಕಾಯಿಗಳ ಮೆರುಗು ಹೋಗಿ, ಮೂತಿ ಸವೆದು, ಆನೆಯೊಂದರ ತಲೆ ಚಕ್ಕೆ ಎದ್ದಿತ್ತು. ಆ ಕುದುರೆ ಮಾತ್ರ ನಿನ್ನೆ ಅಂಗಡಿಯಿಂದ ತಂದ ಹಾಗಿತ್ತು.

ಟ್ರಾಂಟರ್ ಕಿಡ್ಡರ್‌ಮಿನ್‌ಸ್ಟರ್‌ನ ರತ್ನಗಂಬಳಿ ನೇಯುವವರ ಮಗ. ಹತ್ತೊಂಬತ್ತಕ್ಕೆ ಲಂಡನ್ನಿಗೆ ಬಂದು ವಕೀಲರೊಬ್ಬರ ಹತ್ತಿರ ಗುಮಾಸ್ತರಾದರು. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಶುರುವಾದ ಆಟ ಸಂಜೆ ನಾಲ್ಕಕ್ಕೆ ಮುಗಿಯಿತು, ಕೆಲಸವೂ ಮುಗಿಯಿತು. ಒಮ್ಮೆ ದೊಡ್ಡ ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ ಬಂತು, ಪತ್ರಿಕೆಗಳಲ್ಲಿ ಮೂರು ದಿನ ಹೆಸರು ಬಂತು. ಆಮೇಲೆ ಎದೆಬೇನೆ ಹಿಡಿಯಿತು, ನಾಲ್ಕು ಚಳಿಗಾಲ ಮಲಗಿದರು. ಎದ್ದು ಬರುವಷ್ಟರಲ್ಲಿ ಊರು ಬೇರೆ ಹೆಸರುಗಳನ್ನು ಹೇಳುತ್ತಿತ್ತು. "ಬೇಜಾರೇನಿಲ್ಲ. ಸೋತ ದೊಡ್ಡ ಮನುಷ್ಯರ ಸಿಟ್ಟು ನುಂಗೋದೇ ಸ್ವಲ್ಪ ಕಷ್ಟ. ನನ್ನ ಕೆಲಸದ ಅರ್ಧ ಅದೇ," ಎನ್ನುತ್ತಾರೆ.

ಇನ್ನು ಓಬೆಡ್ ಪ್ಲಿಮ್ಮರ್ ವಿಷಯ. ಓಬೆಡ್ ಆಮ್ನಿಬಸ್, ಅಂದರೆ ಕುದುರೆ ಎಳೆಯುವ ಬಸ್ಸು, ಓಡಿಸುವವನು. ಹದಿನೈದು ದಿನಕ್ಕೊಂದು ಗುರುವಾರ ರಜೆ. ಹತ್ತೊಂಬತ್ತು ವರ್ಷ ಆ ಗುರುವಾರಗಳನ್ನೆಲ್ಲ ಟ್ರಾಂಟರ್ ಮೇಜಿಗೆ ಸುರಿದವನು.

"ಹಗಲೆಲ್ಲ ಎರಡು ಕುದುರೆ ನಿನ್ನ ಕೈಲಿರುತ್ತೆ. ಇಲ್ಲಿ ಬಂದು ನನ್ನ ಹತ್ರ ಇನ್ನೊಂದು ಕೇಳ್ತೀಯಲ್ಲೋ, ನಾಚಿಕೆ ಆಗಲ್ವ?" ಎಂದು ಮೇಷ್ಟ್ರು ಛೇಡಿಸುವರು.

"ಅವಕ್ಕೆ ಹುಲ್ಲು ಹಾಕ್ಬೇಕು ಮೇಷ್ಟ್ರೇ. ನಿಮ್ಮದು ಪುಕ್ಕಟೆ!"

ಎರಡು ಚಳಿಗಾಲಗಳ ಹಿಂದೆ ಓಬೆಡ್ ಸಾಲಾಗಿ ಎರಡು ಆಟ ಗೆದ್ದ. ಅದೇ ತಿಂಗಳು ಮೆಲ್ಬರ್ನ್‌ನಿಂದ ಮಗಳು ಹಡಗಿನ ಚೀಟಿ ಕಳಿಸಿದಳು, ಇಲ್ಲೇ ಬಂದು ಇರು ಅಂತ. ಹೊರಡುವ ಮುಂಚೆ ಅವನಿಗೆ ಒಂದೇ ಗುರುವಾರ ಉಳಿದಿತ್ತು. ಒಂದೇ ಆಟ. ಗೆದ್ದರೆ ಫಲಕದಲ್ಲಿ ಮೇಷ್ಟ್ರ ಸಮ.

ಅಂಗಡಿಯ ಯಜಮಾನ ಮಿಂಚಿನ್ ಇನ್ನೊಂದು ಮಾತು ಸೇರಿಸಿದ. "ಕುದುರೆ ಕೊಟ್ಟು ಬಸ್ಸಿನವನ ಹತ್ರ ಮೂರು ಸಲ ಸೋತರೆ ಊರು ನಗುತ್ತೆ, ಮಿಸ್ಟರ್ ಟ್ರಾಂಟರ್. ನಾನು ಬೇರೆ ಮೇಷ್ಟ್ರನ್ನ ನೋಡ್ಬೇಕಾಗುತ್ತೆ."

ನಾನು ಮೇಷ್ಟ್ರನ್ನು ಮೆಟ್ಟಿಲ ಹತ್ತಿರ ಹಿಡಿದು ಕೇಳಿದೆ, ಏನು ಮಾಡ್ತೀರಿ ಅಂತ. "ಆಡ್ತೀನಿ," ಎಂದರು. "ಸೋಲನ್ನ ಭಿಕ್ಷೆ ಹಾಕಿದ್ರೆ ಅವನ ಹತ್ತೊಂಬತ್ತು ವರ್ಷಕ್ಕೆ ನಾನೇ ಮಸಿ ಬಳಿದ ಹಾಗಲ್ವ?"

ಆ ಗುರುವಾರ ಮಹಡಿಯ ಮೇಲೆ ನಿಲ್ಲಲು ಜಾಗವಿರಲಿಲ್ಲ. ಮೂರೂವರೆ ಗಂಟೆ ಆಟ. ಓಬೆಡ್ ಅಷ್ಟು ಚೆನ್ನಾಗಿ ಆಡಿದ್ದನ್ನು ನಾನು ಕಂಡಿರಲಿಲ್ಲ. ಕೊನೆಗೆ ಮಣೆಯ ಮೇಲೆ ಕೆಲವೇ ಕಾಯಿ ಉಳಿದಾಗ ಟ್ರಾಂಟರ್ ಕೆನ್ನೆಗೆ ಕೈಕೊಟ್ಟು ಇಪ್ಪತ್ತು ನಿಮಿಷ ಕುಳಿತರು. ಆಮೇಲೆ ಒಂದು ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದರು. ಅಷ್ಟೆ. ಓಬೆಡ್ ನೋಡಿದ, ಮತ್ತೆ ನೋಡಿದ, ತನ್ನ ರಾಜನನ್ನು ಮೆಲ್ಲಗೆ ಮಲಗಿಸಿದ.

"ಬಿಟ್ಟುಕೊಡ್ತೀರೇನೋ ಅಂತ ಹೆದರಿದ್ದೆ ಮೇಷ್ಟ್ರೇ," ಎಂದ ಓಬೆಡ್.

"ನನ್ನ ಕೆಲಸ ಉಳಿಸೋಕೆ ನೀನು ಬಿಟ್ಟುಕೊಡ್ತೀಯೇನೋ ಅಂತ ನಾನು ಹೆದರಿದ್ದೆ."

"ಇಲ್ಲಪ್ಪ, ದೇವರಾಣೆ. ಇದ್ದಬದ್ದದ್ದೆಲ್ಲ ಆಡಿದೆ."

ಮೇಷ್ಟ್ರು ಕಿಟಕಿಯ ಕಟ್ಟೆಯ ಮೇಲಿದ್ದ ಹೊಸತರಂಥ ಕುದುರೆಯನ್ನು ಕರವಸ್ತ್ರದಲ್ಲಿ ಸುತ್ತಿ ಅವನ ಕೈಗಿಟ್ಟರು. "ಇಟ್ಕೋ. ಅಲ್ಲಿಗೆ ಪತ್ರ ಬರೀತೀನಿ," ಎಂದರು, ಅಷ್ಟೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹಡಗು ಹೊರಟ ವಾರವೇ ಪತ್ರವೂ ಹೊರಟಿತು. ಅದರಲ್ಲಿದ್ದದ್ದು ಇಷ್ಟು: 'ಓಬೆಡ್, ಅವತ್ತು ನೀನು ಆಡಿದ್ದನ್ನ ನೋಡಿದ ಮೇಲೆ ನಿನಗೆ ಕುದುರೆ ಕೊಟ್ಟು ಆಡೋ ಧೈರ್ಯ ನನಗಿಲ್ಲ. ಫಲಕ ಮಿಂಚಿನ್‌ದು, ಈ ಪತ್ರ ನನ್ನದು. ಸಮಕ್ಕೆ ಸಮ ಆಡೋಣ. ನನ್ನ ಮೊದಲ ನಡೆ, ರಾಣಿಯ ಕಡೆಯ ಕುದುರೆ ಮುಂದಕ್ಕೆ. ಅದು ನಿನ್ನ ಹತ್ತಿರವೇ ಇದೆ, ನೀನೇ ನಡೆಸು.'

ಮೂರು ತಿಂಗಳಿಗೆ ಉತ್ತರ ಬಂತು. ಟ್ರಾಂಟರ್ ಅದನ್ನು ಬೈಬಲ್ಲಿನೊಳಗೆ ಇಟ್ಟಿದ್ದಾರೆ. ನನಗೆ ಓದಲು ಕೊಟ್ಟರು. 'ನಡೆಸಿದೆ ಮೇಷ್ಟ್ರೇ. ಮುಟ್ಟುವ ಮೊದಲು ಕೈ ತೊಳೆದುಕೊಂಡೆ. ಇಪ್ಪತ್ತೇಳು ವರ್ಷ ಲಗಾಮು ಹಿಡಿದವನು ನಾನು, ಕುದುರೆ ಮುಟ್ಟಲು ಕೈ ತೊಳೆದುಕೊಂಡದ್ದು ಇದೇ ಮೊದಲು.'

ಹತ್ತೊಂಬತ್ತು ತಿಂಗಳಲ್ಲಿ ಇಬ್ಬರೂ ಆರಾರು ನಡೆ ಆಡಿದ್ದಾರೆ. ಒಂದು ಆಟಕ್ಕೆ ನಲವತ್ತು ನಡೆ ಅಂದುಕೊಂಡರೂ ಮುಗಿಯುವಾಗ ಟ್ರಾಂಟರ್‌ಗೆ ಎಪ್ಪತ್ತೆರಡು ಆಗುತ್ತದೆ. ಎದೆ ಈಗಲೂ ಚಳಿಗೆ ಸೀಟಿ ಹೊಡೆಯುತ್ತದೆ. "ಗೆಲ್ಲಬೇಕು ಅಂತೇನಿಲ್ಲ," ಎನ್ನುತ್ತಾರೆ. "ನನ್ನ ಕಡೆಯಿಂದ ಅರ್ಧಕ್ಕೆ ನಿಲ್ಲಬಾರದು, ಅಷ್ಟೆ."

ಆರನೆಯ ಪತ್ರ ಬಂದದ್ದು ನಿನ್ನೆ. ಓಬೆಡ್ ಆ ಕುದುರೆಯ ಮೇಲೇ ಗುರಿಯಿಟ್ಟಿದ್ದಾನೆ. ಅದನ್ನು ಅವನ ಕುದುರೆಗೆ ಬದಲಾಗಿ ಕೊಟ್ಟುಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಆಟವೂ ಬೇಗ ಸಾಗುತ್ತದೆ. ಆನೆ ಪಡೆದು ಆಡುವ ನನಗೂ ಅಷ್ಟು ತಿಳಿಯುತ್ತದೆ, ಹಾಗೆಂದೇ ಹೇಳುತ್ತೇನೆ.

"ಹಾಗಾದ್ರೆ ನನ್ನ ಟೋಪಿ ವಾಪಸ್ಸು ಬರುತ್ತೆ ಅನ್ನಿ," ಎಂದು ಕೆಜಾಯಾ ಚಹಾ ತಂದಿಡುತ್ತಾರೆ.

ಟ್ರಾಂಟರ್ ಜೇಬಿನಿಂದ ಟೋಪಿ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾರೆ.

"ಇಲ್ಲ ಕಣೆ, ಕುದುರೆನ ಹಿಂದಕ್ಕೆ ಸರಿಸಿ ಉಳಿಸ್ಕೋತೀನಿ. ಮೂವತ್ತು ವರ್ಷ ಹೊರಗೆ ಕೂತು ಬೇರೆಯವರ ಆಟ ನೋಡಿದೆ ಅದು. ಇನ್ನಷ್ಟು ದಿನ ಆಡಲಿ."